ಐದು ಪಾಲಿನ ಮನೆಯ ಮೇಡಂ

ಮೇಡಂ ಕೂತು ಮಾತಾಡಿದ್ದನ್ನು ನಾನು ಕಂಡದ್ದು ಕಡಿಮೆ. ಫೋನು ಬಂದರೆ ಎದ್ದು ನಿಂತು ಮಾತಾಡುತ್ತಿದ್ದರು. ಪೇಪರನ್ನೂ ನಿಂತೇ ಓದುತ್ತಿದ್ದರು, ಗೋಡೆಗೆ ಒರಗದೆ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ. ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿ ಬಿಸಿಲಿನಲ್ಲೇ ನೌಕರಿ ಮುಗಿಸಿದವರು. ನಿವೃತ್ತಿಯಾದ ಮೇಲೂ ಆ ಮೈದಾನ ಅವರ ದನಿಯಲ್ಲಿ ಉಳಿದುಕೊಂಡಿತ್ತು. ಪಕ್ಕದಲ್ಲಿ ನಿಂತವರಿಗೂ ಆ ತುದಿಯಲ್ಲಿರುವವರಿಗೆ ಕೂಗಿ ಹೇಳುವ ಹಾಗೆ ಹೇಳುತ್ತಿದ್ದರು. ತರಕಾರಿ ಗಾಡಿಯವನಿಗೆ, ಹಾಲಿನವನಿಗೆ, ಬೀದಿಯ ಕೊನೆಯ ಮನೆಯ ನಿವೃತ್ತ ಎಂಜಿನಿಯರಿಗೆ, ಎಲ್ಲರಿಗೂ ಅವರು ಮೇಡಂ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಇಲ್ಲಿಯೂ ಬರೆಯುವುದಿಲ್ಲ.

ಯಾರನ್ನೇ ಕಂಡರೂ ಮುಖಕ್ಕಿಂತ ಮೊದಲು ಅವರ ನಡಿಗೆ ನೋಡುತ್ತಿದ್ದರು. ರಾಮಕೃಷ್ಣನಗರದಲ್ಲಿ ಅವರು ಬಾಡಿಗೆಗಿದ್ದ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದ ದಿನ, ಸಾಮಾನು ಹೊತ್ತು ಮೆಟ್ಟಿಲು ಹತ್ತುತ್ತಿದ್ದವನನ್ನು ನಿಲ್ಲಿಸಿ, ಎಡಗಾಲು ಎಳೀತಿದೀಯ, ಶೂ ಬದಲಾಯಿಸು ಎಂದರು. ಅದೇ ನಮ್ಮ ಪರಿಚಯ. ನಾನು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ಮದುವೆಯಾಗಿಲ್ಲ. ಮದುವೆಯಾಗದ ಗಂಡಸಿಗೆ ಮೈಸೂರಿನಲ್ಲಿ ಮನೆ ಕೊಡುವವರು ಕಡಿಮೆ, ಕೊಟ್ಟರೂ ಹನ್ನೊಂದು ತಿಂಗಳಿಗೊಮ್ಮೆ ಖಾಲಿ ಮಾಡಿಸುತ್ತಾರೆ.

ನಾವು ಐದು ಜನ ಸೇರಿ ಒಂದು ಮನೆ ಮಾಡಿಕೊಳ್ಳುವುದೆಂದು ಅವರಿಗೆ ತೋಚಿದ್ದು ಒಂದು ಸಂಜೆಯ ಸಿಟ್ಟಿನಲ್ಲಿ. ನಮ್ಮ ತಿರುವಿನಲ್ಲಿ ನಾಗರತ್ನ ಎಂಬಾಕೆ ಟೈಲರಿಂಗ್ ಅಂಗಡಿ ಇಟ್ಟಿದ್ದರು. ಅವರ ಗಂಡ ಶಿವಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರು. ಇಬ್ಬರೂ ಕೆಸರೆಯವರು, ಬೌದ್ಧರು. ದಿನಾ ಕೆಸರೆಯಿಂದ ಬಂದು ಹೋಗುವುದು ಕಷ್ಟವೆಂದು ಅಂಗಡಿಯ ಹತ್ತಿರವೇ ಮನೆ ಹುಡುಕುತ್ತಿದ್ದರು. ಟು-ಲೆಟ್ ಬೋರ್ಡು ನೇತಾಡುತ್ತಿದ್ದ ಮನೆಗೆ ಹೋದರೂ ಇವರ ಊರು, ಮನೆದೇವರು ವಿಚಾರಿಸಿದ ಮೇಲೆ ಆ ಮನೆ ನಿನ್ನೆಯೇ ಕೊಟ್ಟಾಗಿರುತ್ತಿತ್ತು. ಒಂದು ದಿನ ಮೇಡಂ ಜೊತೆಗೆ ಹೋದರು. ಮನೆಯೊಡತಿ ಮೇಡಂ ಅವರನ್ನು ಪಕ್ಕಕ್ಕೆ ಕರೆದು, ನೀವು ನಮ್ಮೋರೇ ಅಲ್ವಾ, ನಿಮಗಾದ್ರೆ ಕೊಡ್ತೀನಿ ಎಂದಳಂತೆ. ಮೇಡಂ ಅಗ್ರಹಾರದ ಮಡಿವಂತ ಮನೆಯಲ್ಲಿ ಹುಟ್ಟಿದವರು. ವಾಪಸು ಬಂದವರೇ ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತ ಇದ್ದರು. ನಾನು ಏನಾಯಿತು ಎಂದು ಕೇಳಿದರೆ, ಇನ್ನು ನಾವು ಯಾರ ಗೇಟಿನ ಮುಂದೇನೂ ನಿಂತ್ಕೋಬಾರದು ಎಂದಷ್ಟೇ ಹೇಳಿದರು.

ದಟ್ಟಗಳ್ಳಿಯ ಕಡೆ ಅವರಿಗೆ ಬಹಳ ಹಿಂದೆ ಸಿಕ್ಕಿದ್ದ ಒಂದು ಸೈಟಿತ್ತು. ಅದನ್ನು ಐದು ಜನರ ಹೆಸರಿಗೆ ಸಮಪಾಲು ಮಾಡಿಸಿದರು. ಕಟ್ಟಡದ ಖರ್ಚು ನಾವು ಹಾಕಿಕೊಂಡೆವು. ಶಿವಣ್ಣ, ನಾಗರತ್ನ, ನಾನು, ಮೇಡಂ, ಐದನೆಯವಳು ವಸುಂಧರಾ. ಅವಳು ಮೇಡಂ ಅವರ ಹಳೆಯ ವಿದ್ಯಾರ್ಥಿನಿ, ರಕ್ತ-ಮೂತ್ರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ, ಗಂಡನನ್ನು ಬಿಟ್ಟು ಬಂದಿದ್ದಳು. ಮೇಡಂ ಅವರ ಅಣ್ಣನ ಮಗ, ಆ ಸೈಟು ತನಗೇ ಬರುತ್ತದೆಂದು ಕಾದಿದ್ದವನು, ಅಂದಿನಿಂದ ಮಾತು ಬಿಟ್ಟ. ಮೇಡಂ ಅದರ ಬಗ್ಗೆ ಬೇಸರಪಟ್ಟಿದ್ದನ್ನು ನಾನು ನೋಡಲಿಲ್ಲ. ಬೇಸರ ಇದ್ದಿರಬೇಕು.

ಒಬ್ಬೊಬ್ಬರಿಗೆ ಒಂದೊಂದು ಕೋಣೆ, ದಂಪತಿಗಳಿಗೆ ಒಳಬಾಗಿಲಿರುವ ಎರಡು. ಒಂದೇ ಅಡುಗೆಮನೆ, ಎಲ್ಲರೂ ಕೂರಲು ಒಂದೇ ಹಾಲ್. ಕರೆಂಟು, ನೀರು, ಗ್ಯಾಸು, ದಿನಸಿ ಎಲ್ಲ ಸಮ. ಶುರುವಿನಲ್ಲಿ ವಸುಂಧರಾ ಒಂದು ಮಾತು ಎತ್ತಿದಳು: ತಾನು ಮಧ್ಯಾಹ್ನ ಮನೆಯಲ್ಲಿ ಉಣ್ಣುವುದಿಲ್ಲ, ಶಿವಣ್ಣನವರು ಇಡೀ ದಿನ ಕಾಫಿ ಕುಡಿಯುತ್ತಾರೆ, ಸಮಪಾಲು ಹೇಗೆ ನ್ಯಾಯ? ಶಿವಣ್ಣ ಲೋಟ ಕೆಳಗಿಟ್ಟರು. ಅಳತೆ ಶುರು ಮಾಡಿದರೆ ಇದು ಮನೆಯಲ್ಲ, ಹೋಟೆಲಾಗುತ್ತದೆ ಎಂದು ಮೇಡಂ ಅಲ್ಲಿಗೇ ಆ ಮಾತು ಮುಗಿಸಿ, ಶಿವಣ್ಣನ ಲೋಟಕ್ಕೆ ತಾವೇ ಇನ್ನಷ್ಟು ಕಾಫಿ ಬಗ್ಗಿಸಿದರು. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಮೀಟಿಂಗು. ನೀರಿನ ಟ್ಯಾಂಕು ತೊಳೆಯುವುದರಿಂದ ಹಿಡಿದು ಯಾರ ನೆಂಟರು ಎಷ್ಟು ದಿನ ಇರಬಹುದೆನ್ನುವವರೆಗೆ ಎಲ್ಲಕ್ಕೂ ಕೈ ಎತ್ತಿಸುತ್ತಿದ್ದರು. ಮೊಣಕೈ ಮಡಚಿದ ಕೈ ಲೆಕ್ಕಕ್ಕಿಲ್ಲ. ಪೂರ್ತಿ ಎತ್ತಬೇಕು.

ಬೀದಿಯವರಿಗೆ ನಮ್ಮ ಮನೆ ಒಂದು ಒಗಟಾಗಿತ್ತು. ಇವರು ನಿಮಗೇನಾಗಬೇಕು ಎಂದು ಯಾರಾದರೂ ಕೇಳಿದರೆ ನಾನು ತಡವರಿಸುತ್ತಿದ್ದೆ. ಮೇಡಂ ಮಾತ್ರ ಬೇಸರವಿಲ್ಲದೆ, ನಾವು ಪಾಲುದಾರರು ಕಣ್ರೀ, ಎನ್ನುತ್ತಿದ್ದರು.

ಆ ಮನೆಗೆಂದು ನಾವು ಐವರೂ ಬರೆದುಕೊಂಡ ಕರಾರಿನ ಕೊನೆಯ ಕಲಮು ಮೇಡಂ ಅವರದೇ. ಸ್ನಾನಕ್ಕೆ, ಬಟ್ಟೆಗೆ, ಬಚ್ಚಲಿಗೆ ಇನ್ನೊಬ್ಬರ ಕೈ ಖಾಯಂ ಬೇಕಾದವರು ಮನೆ ಬಿಡಬೇಕು, ಅವರ ಪಾಲಿನ ಬೆಲೆಯನ್ನು ಉಳಿದವರು ಕೊಡಬೇಕು. ಯಾಕೆ ಇಷ್ಟು ಕಠಿಣ ಎಂದು ನಾಗರತ್ನ ಕೇಳಿದ್ದರು. ಮೇಡಂ ತಮ್ಮ ತಾಯಿಯ ಕಥೆ ಹೇಳಿದರು. ಲಕ್ವ ಹೊಡೆದು ವರ್ಷಗಟ್ಟಲೆ ಮಲಗಿದ್ದ ಆಕೆಯನ್ನು ಮೇಡಮ್ಮೇ ಶುಚಿ ಮಾಡುತ್ತಿದ್ದರು, ಸ್ಕೂಲಿಗೆ ಹೋಗುವ ಮುಂಚೆ, ಬಂದ ಮೇಲೆ. ಪ್ರತಿ ಸಲವೂ ಆಕೆ ಮಗಳ ಕ್ಷಮೆ ಕೇಳುತ್ತಿದ್ದರಂತೆ. ಕೊನೆಕೊನೆಗೆ ನೀರು ಕುಡಿಯುವುದನ್ನೇ ಬಿಟ್ಟರಂತೆ, ಮಗಳಿಗೆ ಕೆಲಸ ಕಡಿಮೆಯಾಗಲಿ ಎಂದು.

"ನಮ್ಮಮ್ಮ ಕಾಯಿಲೆಯಿಂದ ಸಾಯಲಿಲ್ಲ ಕಣಮ್ಮ," ಎಂದರು, "ನಾಚಿಕೆಯಿಂದ ಸತ್ತರು. ಈ ಮನೇಲಿ ಅದು ಯಾರಿಗೂ ಬೇಡ."

ಆಗ ನಮ್ಮಲ್ಲಿ ಎಲ್ಲರೂ ಓಡಾಡಿಕೊಂಡಿದ್ದೆವು. ಸಹಿ ಹಾಕಿ ಮೈಸೂರು ಪಾಕು ತಿಂದೆವು.

ಶಿವಣ್ಣ ಒಮ್ಮೆ ಟ್ಯಾಂಕಿನ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ವಾರಗಟ್ಟಲೆ ಹಾಸಿಗೆ. ನಾಗರತ್ನ ಅಂಗಡಿ ತೆರೆಯಲೇಬೇಕಿತ್ತು, ಹಬ್ಬದ ಬ್ಲೌಸುಗಳ ಕಾಲ. ನಾನು ಶಿಫ್ಟಿಗೆ ಹೋಗುವ ಹೊತ್ತಿಗೆ ಮೇಡಂ ಶಿವಣ್ಣನ ಕೋಣೆಗೆ ಬೆಡ್‌ಪ್ಯಾನ್ ಹಿಡಿದು ಹೋಗುತ್ತಿದ್ದುದು ಕಾಣುತ್ತಿತ್ತು. ಶಿವಣ್ಣ ದೊಡ್ಡ ಮೈಯ ಮಿತಭಾಷಿ, ಸಂಕೋಚದ ಮನುಷ್ಯ. ಒಳಗಿನಿಂದ ಮೇಡಂ ದನಿ ಮಾತ್ರ ಕೇಳುತ್ತಿತ್ತು, ಒನ್, ಟೂ, ಲಿಫ್ಟ್. ಕರಾರು ಏನಾಯಿತು ಎಂದು ವಸುಂಧರಾ ತಮಾಷೆಗೆ ಕೇಳಿದರೆ, ಮೂಳೆ ಕೂಡಿಕೊಳ್ಳುತ್ತದೆ, ಇದು ಖಾಯಂ ಅಲ್ಲ ಎಂದರು. ಶಿವಣ್ಣ ಕೋಲು ಹಿಡಿದು ಮೊದಲ ಸಲ ಹಾಲಿಗೆ ನಡೆದು ಬಂದ ದಿನ ಮೇಡಂ ಚಪ್ಪಾಳೆ ತಟ್ಟಲಿಲ್ಲ, ಬಲಗಾಲು ಇನ್ನೂ ಎತ್ತಿ ಇಡಿ ಎಂದು ಗದರಿದರು. ಆಮೇಲೆ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು ಎಂದು ನಾಗರತ್ನ ಹೇಳಿದರು. ನಾನು ನೋಡಲಿಲ್ಲ.

ಕೆಲವು ವರ್ಷ ಹಾಗೇ ಚೆನ್ನಾಗಿ ನಡೆಯಿತು.

ಮೊದಲು ಅವರ ಕೈ ನಡುಗತೊಡಗಿತು. ಆಮೇಲೆ ಹೆಜ್ಜೆ ಚಿಕ್ಕದಾಯಿತು. ಎಲ್ಲರ ನಡಿಗೆ ತಿದ್ದುತ್ತಿದ್ದವರು ಹೊಸ್ತಿಲ ಹತ್ತಿರ ನಿಂತು, ಯಾವ ಕಾಲು ಮುಂದಿಡಬೇಕೆಂದು ಯೋಚಿಸುವವರ ಹಾಗೆ ಕಾಯುತ್ತಿದ್ದರು. ನರದ ಕಾಯಿಲೆ, ನಿಧಾನವಾಗಿ ಏರುವಂಥದು, ಇಳಿಯುವುದಿಲ್ಲ. ಮೀಟಿಂಗಿನಲ್ಲಿ ಸ್ಕೂಲಿನ ಟೈಂಟೇಬಲ್ ಓದುವಂತೆ ಅದನ್ನು ಹೇಳಿದರು. ನಾವು ನಮ್ಮ ಕೈಲಾದದ್ದು ಮಾಡುತ್ತೇವೆ ಎಂದೆವು. ಕೈಲಾದದ್ದು ಅಂದರೆ ಎಷ್ಟು ಎಂದು ಅವರು ಕೇಳಲಿಲ್ಲ.

ಮಧ್ಯಾಹ್ನ ಮೊದಲ ಶಿಫ್ಟು ಮುಗಿಸಿ ಬಂದು ನನ್ನ ಬಟ್ಟೆ ಒಣಹಾಕಲು ತಾರಸಿಗೆ ಹೋದರೆ, ಅಲ್ಲಿ ದಿನವೂ ಅವರ ಹಾಸಿಗೆ ಬಟ್ಟೆ ಒಣಗಿರುತ್ತಿತ್ತು. ವಾರಕ್ಕೊಮ್ಮೆ ಒಗೆಯುವಂಥದನ್ನು ದಿನಾ ಯಾಕೆ ಒಗೆಯುತ್ತಿದ್ದಾರೆಂದು ನನಗೆ ಗೊತ್ತಾಯಿತು. ನಡುಗುವ ಕೈಯಲ್ಲಿ ಆ ಒದ್ದೆ ಬಟ್ಟೆ ಹೊತ್ತು ಮಹಡಿ ಮೆಟ್ಟಿಲು ಹತ್ತುತ್ತಿದ್ದಾರೆಂದೂ ಗೊತ್ತಾಯಿತು. ಒಗೆದು ಕೊಡುತ್ತೇನೆ ಎನ್ನಬಹುದಿತ್ತು. ಅವರ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡು ಸುಮ್ಮನಿದ್ದೆ. ಉಳಿದ ಮೂವರೂ ಹಾಗೇ ಅಂದುಕೊಂಡಿದ್ದರು ಎಂದು ಆಮೇಲೆ ತಿಳಿಯಿತು.

ಒಂದು ಭಾನುವಾರ ಐದೂ ಜನ ಊಟಕ್ಕೆ ಕೂತಿದ್ದೆವು. ನಾಗರತ್ನ ಮುದ್ದೆ, ಉಪ್ಸಾರು ಮಾಡಿದ್ದರು. ಮೇಡಂ ಏನೋ ಹೇಳುತ್ತಿದ್ದವರು ತಟ್ಟನೆ ಮಾತು ನಿಲ್ಲಿಸಿದರು. ಅವರ ಕುರ್ಚಿಯ ಕೆಳಗಿನಿಂದ ನೆಲದ ಮೇಲೆ ಹರಿದು ಬಂದದ್ದು ನಮ್ಮೆಲ್ಲರಿಗೂ ಕಂಡಿತು. ನಾನು ತಟ್ಟೆಯನ್ನೇ ನೋಡುತ್ತ ಮುದ್ದೆ ಮುರಿದೆ. ವಸುಂಧರಾ ಸಾರಿಗೆ ಸೌಟು ಹಾಕಿದಳು. ನಮಗೇನೂ ಕಾಣಲಿಲ್ಲ ಎಂದು ನಾಲ್ಕೂ ಜನ ಒಟ್ಟಿಗೆ ನಟಿಸಿದೆವು.

ಮೇಡಂ ಕುರ್ಚಿ ಹಿಡಿದು ಎದ್ದರು. ಗೋಡೆ ಹಿಡಿದುಕೊಂಡು ಹೋಗಿ ಮೂಲೆಯಲ್ಲಿದ್ದ ನೆಲ ಒರೆಸುವ ಕೋಲು ತಂದರು. ಮೇಜಿನ ಹತ್ತಿರ ಬಂದು, "ಕಾಲು ಎತ್ಕೊಳ್ಳಿ" ಎಂದರು.

ನಾವು ಎತ್ತಿಕೊಂಡೆವು.

ನಾಲ್ಕು ಜನ ದೊಡ್ಡವರು, ಒಬ್ಬೊಬ್ಬರಾಗಿ ಕಾಲು ಮೇಲೆತ್ತಿ ಕೂತೆವು. ಅವರು ಬಗ್ಗಿ, ನಡುಗುತ್ತ, ನಮ್ಮ ಕಾಲಡಿಯಲ್ಲಿ ಒರೆಸಿದರು. ಅವರ ಸೀರೆ ಒದ್ದೆಯಾಗಿತ್ತು. ನಾನು ಎದ್ದು ಆ ಕೋಲು ಕಿತ್ತುಕೊಳ್ಳಬೇಕಿತ್ತು. ಎತ್ತಿದ ಕಾಲು ಇಳಿಸಲೇ ಇಲ್ಲ. ನನ್ನ ಜೀವಮಾನದಲ್ಲಿ ನಾನು ಕೂತ ಅತ್ಯಂತ ಹೀನ ಕೂರುವಿಕೆ ಅದು. ಎಡಗೈಯಲ್ಲಿ ಕುರ್ಚಿಯ ಅಂಚು ಹಿಡಿದಿದ್ದೆ, ಬಲಗೈಯಲ್ಲಿ ಮುದ್ದೆಯ ತುತ್ತಿತ್ತು.

ಮುಂದಿನ ಮೀಟಿಂಗಿನಲ್ಲಿ ಅವರು ತಮ್ಮ ವಿಷಯವನ್ನೇ ಮೊದಲು ಎತ್ತಿದರು. ಕಲಮಿನ ಪ್ರಕಾರ ನಾನು ಮನೆ ಬಿಡುವ ಕಾಲ ಬಂದಿದೆ, ನಂಜನಗೂಡು ರಸ್ತೆಯಲ್ಲಿ ಒಂದು ವೃದ್ಧಾಶ್ರಮ ನೋಡಿ ಬಂದಿದ್ದೇನೆ, ಪಾಲಿನ ಬೆಲೆ ಸದ್ಯಕ್ಕೆ ಬೇಡ, ಪೆನ್ಷನ್ ಸಾಕಾಗುತ್ತದೆ ಎಂದರು. ಬೇಡ ಮೇಡಂ ಎಂದು ಎಲ್ಲರೂ ಅಂದೆವು. ನನ್ನ 'ಬೇಡ' ಕೊನೆಗೆ ಬಂತು. ಅದರಲ್ಲಿ ಶಕ್ತಿ ಇರಲಿಲ್ಲ ಎಂದು ನನ್ನ ಕಿವಿಗೇ ಕೇಳಿತು.

ಅವರು ನಮ್ಮನ್ನು ಒಂದು ಸುತ್ತು ನೋಡಿದರು. ಆಮೇಲೆ, "ಬೇಡ ಅನ್ನೋದು ಸುಲಭ. ನನ್ನ ತೊಳೆಯೋರು ಯಾರು? ಕೈ ಎತ್ತಿ," ಎಂದರು.

ಹೊರಗೆ ಯಾವುದೋ ಸ್ಕೂಟರು ಸ್ಟಾರ್ಟ್ ಆಗದೆ ಒದ್ದಾಡುತ್ತಿತ್ತು. ಶಿವಣ್ಣ ನೆಲ ನೋಡುತ್ತಿದ್ದರು. ಏಣಿಯಿಂದ ಬಿದ್ದಂದಿನಿಂದ ಅವರ ಸೊಂಟ ಬಗ್ಗುವುದೇ ಇಲ್ಲ. ಆದರೂ ಮುಖ ಕೆಂಪಾಗಿತ್ತು. ವಸುಂಧರಾ ಅಳುತ್ತ, ಇಡೀ ದಿನ ಲ್ಯಾಬಿನಲ್ಲಿ ಅದನ್ನೇ ಮುಟ್ಟುತ್ತೇನೆ, ಮನೆಗೆ ಬಂದು ಮತ್ತೆ ಅದೇ ನನ್ನ ಕೈಲಾಗುವುದಿಲ್ಲ ಎಂದಳು. ಒಪ್ಪಿಕೊಳ್ಳುವ ಧೈರ್ಯ ಅವಳಿಗಾದರೂ ಇತ್ತು. ನಾನು ಗಂಡಸು ಎಂಬುದೇ ನನಗೆ ಸಾಕಷ್ಟು ದೊಡ್ಡ ನೆಪವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಬರಲಿಲ್ಲ.

ಕೈ ಎತ್ತಿದ್ದು ನಾಗರತ್ನ ಒಬ್ಬರೇ. ಪೂರ್ತಿ ಎತ್ತಿದ್ದರು.

ಮೇಡಂ ಆಕೆಯ ಕಡೆ ತಿರುಗಿ, "ನಿನ್ನ ಕೈಲಿ ಮಾತ್ರ ಬೇಡ ನಾಗು," ಎಂದರು.

ಯಾಕೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ನಾಗರತ್ನರ ತಾಯಿ ಬೀದಿ ಗುಡಿಸುವ, ಚರಂಡಿ ಬಳಿಯುವ ಕೆಲಸದಲ್ಲಿದ್ದವರು. ಆ ಮನೆಯ ಮಗಳ ಕೈಯಲ್ಲಿ, ಅಗ್ರಹಾರದಿಂದ ಬಂದ ತಾನು, ಮತ್ತೆ ಅದೇ ಕೆಲಸ ಮಾಡಿಸುವುದೇ? ಮೇಡಂ ಮನಸ್ಸಿನಲ್ಲಿದ್ದದ್ದು ಅದು. ಗೌರವದಿಂದಲೇ ಹೇಳಿದ ಮಾತು. ನಾಗರತ್ನ ಎತ್ತಿದ ಕೈ ಇಳಿಸಿ, ಎದ್ದು ಒಳಗೆ ಹೋದರು. ಅವರಿಗೆ ಹೊಡೆದಂತಾಗಿತ್ತು.

ಮೇಡಂ ಹೊರಟ ದಿನ ನಾನು ಸೂಟ್‌ಕೇಸು ಕಾರಿಗಿಟ್ಟೆ. ಅವರು ಯಾರ ಕೈಯನ್ನೂ ಹಿಡಿಯದೆ ಕಾರು ಹತ್ತಿದರು. ಕಿಟಕಿ ಇಳಿಸಿ, ಮೋಟಾರು ಹಾಕಿ ಮರೆತುಬಿಡಬೇಡಿ, ನೀರು ಉಕ್ಕಿ ಪಕ್ಕದವರ ಗೋಡೆ ನೆನೆಯುತ್ತದೆ ಎಂದು ಹೇಳಿದರು.

ಅವರು ಹೋದ ಮೇಲೆ ಮನೆ ಹಗುರವಾಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಲು ಯತ್ನಿಸಿ ಸೋತಿದ್ದೇನೆ. ಊಟಕ್ಕೆ ಕೂರುವಾಗ ಎದೆಯಲ್ಲಿ ಬಿಗಿ ಇರಲಿಲ್ಲ. ನಿದ್ದೆ ಚೆನ್ನಾಗಿ ಬಂತು. ಆ ನೆಲ ಅವರದು, ಅವರಿಲ್ಲದಿದ್ದರೆ ನಾನು ಇನ್ನೂ ಯಾವನದೋ ಮಹಡಿ ಖಾಲಿ ಮಾಡುತ್ತಿದ್ದೆ ಎಂಬುದು ಗೊತ್ತಿದ್ದೂ ನಿದ್ದೆ ಬಂತು.

ಬೀದಿಯವರು ಕೇಳತೊಡಗಿದರು. ನೆಂಟರ ಮನೆಗೆ ಹೋಗಿದ್ದಾರೆ ಎಂದು ನಾನು ಹೇಳಿದೆ. ಒಂದು ಬೆಳಿಗ್ಗೆ ತರಕಾರಿ ಗಾಡಿಯವನು ನನ್ನ ಚೀಲಕ್ಕೆ ಬೀನ್ಸ್ ಸುರಿಯುತ್ತ, ವಸುಂಧರಮ್ಮ ಬೆಂಗಳೂರಲ್ಲಿ ಟ್ರೀಟ್‌ಮೆಂಟು ಅಂದ್ರು, ಶಿವಣ್ಣೋರು ಕಾಶಿಗೆ ಹೋಗವ್ರೆ ಅಂದ್ರು, ನೀವು ನೆಂಟರ ಮನೆ ಅಂತೀರಿ ಎಂದ. ನಾನು ದುಡ್ಡು ಕೊಟ್ಟು ಚೀಲ ಎತ್ತಿಕೊಂಡೆ. ಅಂದಿನಿಂದ ಅವನು ಕೊಸರಿಗೆ ಹಾಕುತ್ತಿದ್ದ ಕರಿಬೇವು ನಿಲ್ಲಿಸಿದ. ಅದು ನನ್ನ ಕಲ್ಪನೆಯೂ ಇರಬಹುದು. ನಾಗರತ್ನ ಮಾತ್ರ ಕೇಳಿದವರಿಗೆಲ್ಲ ನಿಜ ಹೇಳುತ್ತಿದ್ದರಂತೆ. ನಾವೇ ಕಳಿಸಿದ್ವಿ ಎಂದು.

ನಂತರದ ಮೀಟಿಂಗಿನಲ್ಲಿ ಆ ಕಲಮು ತೆಗೆದುಹಾಕಬೇಕೆಂದು ಹೇಳಿದವರೂ ನಾಗರತ್ನರೇ. ಅಷ್ಟು ಹೊತ್ತಿಗೆ ನಮಗೆಲ್ಲ ನಮ್ಮ ಮುಖ ನಮಗೇ ನೋಡಿಕೊಳ್ಳುವುದು ಕಷ್ಟವಾಗಿತ್ತು. ಎಲ್ಲರೂ ಒಪ್ಪಿದೆವು. ಮೇಡಂ ಅವರನ್ನು ಕರೆತರಲು ನಾಲ್ಕೂ ಜನ ಹೊರಟೆವು.

ವೃದ್ಧಾಶ್ರಮದ ವರಾಂಡದಲ್ಲಿ ಅವರು ಗಾಲಿಕುರ್ಚಿಯಲ್ಲಿ ಕೂತು, ಸಾಲಾಗಿ ಕೂತಿದ್ದ ಮುದುಕಿಯರಿಗೆ ಕೈ ಮೇಲೆ, ಕೈ ಕೆಳಗೆ ಮಾಡಿಸುತ್ತಿದ್ದರು. ದನಿ ಸಣ್ಣಗಾಗಿತ್ತು. ನಮ್ಮನ್ನು ಕಂಡು ಮುಖ ಅರಳಿತು. ವಿಷಯ ಹೇಳಿದ ಮೇಲೆ ಬರುವುದಿಲ್ಲ ಎಂದುಬಿಟ್ಟರು. ಇಲ್ಲಿ ಆಯಾಗಳಿದ್ದಾರೆ, ಸಂಬಳಕ್ಕೆ ಮಾಡುತ್ತಾರೆ, ಅಭ್ಯಾಸವಾಗಿದೆ ಎಂದರು.

"ಇಲ್ಲಿ ಯಾರೂ ನಾನು ನಿಂತಿದ್ದು ನೋಡಿಲ್ಲ ಕಣ್ರೋ," ಎಂದರು ಮೇಡಂ. "ಇವರಿಗೆ ನಾನು ಬಂದಾಗಿಂದ ಹಿಂಗೇ. ಅದಕ್ಕೆ ನಾಚಿಕೆ ಆಗಲ್ಲ."

ನಾಗರತ್ನ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಅವರು ಹೋಗಿ ಗಾಲಿಕುರ್ಚಿಯ ಮುಂದೆ ಕೆಳಗೆ ಕೂತರು.

"ಮೇಡಂ, ಆವತ್ತು ನನ್ನ ಕೈ ಬ್ಯಾಡ ಅಂದ್ಬುಟ್ರಿ. ನಿಮಗೆ ನನ್ನ ಕೈ ಕಾಣಲಿಲ್ಲ, ನಮ್ಮವ್ವನ ಕೈ ಕಂಡ್ತು. ಇಷ್ಟು ವರ್ಷ ನನ್ನ ಕೈ ಮುದ್ದೆ ತಿಂದ್ರಿ, ನಾ ಹೊಲಿದ ಬ್ಲೌಸ್ ಹಾಕೊಂಡ್ರಿ. ಮೈಗೆ ಹುಷಾರಿಲ್ದಾಗ ಮಾತ್ರ ನಾನು ಕೆಸರೆಯೋಳು ಆಗೋದ್ನಾ?"

ಮೇಡಂ ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು.

"ನಾನು ಕೈ ಎತ್ತಿದ್ದು ಜಾತಿಗಲ್ಲ. ನಿಮ್ಮ ಮನೆಯೋಳು ಅಂತ ಎತ್ತಿದ್ದು," ಎಂದು ನಾಗರತ್ನ ಎದ್ದರು.

ಮೇಡಂ ಅವರ ನಡುಗುವ ಕೈ ನಾಗರತ್ನರ ಸೆರಗು ಹಿಡಿಯಲು ಎರಡು ಮೂರು ಸಲ ಯತ್ನಿಸಿ ಗುರಿ ತಪ್ಪಿತು. ಕೊನೆಗೆ ಸಿಕ್ಕಿತು. ತಪ್ಪಾಯ್ತು ಕಣಮ್ಮ ಎಂದು ಹೇಳಿದರು. ಎಲ್ಲರ ಎದುರಿಗೆ, ಆ ಮುದುಕಿಯರ ಎದುರಿಗೆ. ಆದರೂ ಅಂದು ಅವರು ನಮ್ಮ ಜೊತೆ ಬರಲಿಲ್ಲ. ನಾವು ಬಲವಂತ ಮಾಡಿದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂದ ಕಾರಿನಲ್ಲೇ ನಾಲ್ಕು ಜನ ವಾಪಸಾದೆವು.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ನಾವು ಮೀಟಿಂಗಿಗೆ ಕೂತಾಗ ಗೇಟಿನ ಹತ್ತಿರ ಆಟೋ ಬಂದು ನಿಂತಿತು. ಡ್ರೈವರು ಇಳಿದು ಗಾಲಿಕುರ್ಚಿ ಬಿಚ್ಚಿದ. ನಾವು ಓಡಿದೆವು. ಮೇಡಂ ನೇರ ಹಾಲಿಗೆ ಬಂದರು. ಮೇಜಿನ ಹತ್ತಿರ ಕುರ್ಚಿ ನಿಲ್ಲಿಸಲು ಹೇಳಿ, ನನ್ನದೂ ಒಂದು ವಿಷಯ ಇದೆ, ಬರ್ಕೊಳ್ಳಿ ಎಂದರು. ತಾವು ಮನೆಗೆ ವಾಪಸು ಬರಲು ತಯಾರು, ಆದರೆ ನಾಲ್ವರೂ ಸರದಿಯ ಮೇಲೆ ಮಾಡಬೇಕು. ಶಿವಣ್ಣನಿಗೆ ಬಗ್ಗಲಾಗದಿದ್ದರೆ ಬಟ್ಟೆ ಒಗೆಯಲಿ. ಗಂಡಸರನ್ನು ಬಿಟ್ಟು ಹೆಣ್ಣುಮಕ್ಕಳು ಮಾತ್ರ ಎನ್ನುವುದಾದರೆ ಆಟೋ ಇನ್ನೂ ಹೊರಗೇ ನಿಂತಿದೆ.

"ನನಗೂ ನಾಚಿಕೆ ಆಗುತ್ತೆ. ನಿಮಗೂ ಆಗುತ್ತೆ. ಐದು ಜನ ಹಂಚ್ಕೊಂಡ್ರೆ ಒಬ್ಬೊಬ್ಬರಿಗೆ ಸ್ವಲ್ಪ ಬರುತ್ತೆ," ಎಂದರು.

ಕೈಗಳು ಎದ್ದವು. ನಾನೇ ಹೋಗಿ ಆಟೋದವನನ್ನು ಕಳಿಸಿದೆ.

ನನ್ನ ಮೊದಲ ಸರದಿಯ ಬೆಳಿಗ್ಗೆ ಬಾಗಿಲ ಹೊರಗೆ ಬಹಳ ಹೊತ್ತು ನಿಂತಿದ್ದೆ. ಒಳಗಿನಿಂದ, ಎಷ್ಟು ಹೊತ್ತು ನಿಂತಿರ್ತೀಯ, ಬಾ ಎಂದು ಕೂಗಿದರು. ಏನು ಮಾಡಬೇಕೆಂದು ಒಂದೊಂದಾಗಿ ಹೇಳಿದರು. ಮೊದಲು ನೀರಿನ ಬಿಸಿ ನೋಡು. ಈ ಕಡೆ ತಿರುಗಿಸು. ಬೆನ್ನಿಗೆ ಕೈ ಕೊಡು, ತೋಳು ಎಳೀಬೇಡ. ನಾನು ಕಣ್ಣು ಬೇರೆಡೆ ಇಟ್ಟುಕೊಂಡು ಮಾಡುತ್ತಿದ್ದೆ, ಹಾಗಾಗಿ ಸರಿಯಾಗಿ ಆಗುತ್ತಿರಲಿಲ್ಲ. ನೋಡಿ ಮಾಡು, ನೋಡದೆ ಮಾಡಿದ್ರೆ ನೋವಾಗುತ್ತೆ ಎಂದರು. ನೋಡಿದೆ. ಬಿಸಿಲಿಗೆ ಸುಟ್ಟ ಮುಖ, ಕತ್ತು, ಮೊಣಕೈ. ಉಳಿದ ಮೈಯೆಲ್ಲ ಎಳೆ ಮಗುವಿನ ಹಾಗೆ ಬೆಳ್ಳಗಿತ್ತು. ನನಗೆ ವಾಕರಿಕೆ ಬಂತು, ಅದು ಅವರಿಗೆ ಗೊತ್ತಾಯಿತು. ಮೊದಲ ದಿನ ಎಲ್ಲರಿಗೂ ಬರುತ್ತೆ ಎಂದು ಹೇಳಿ, ಕಾರ್ಖಾನೆಯಲ್ಲಿ ಬೋನಸ್ಸು ಯಾವಾಗ ಕೊಡುತ್ತಾರೆಂದು ಕೇಳಿದರು. ಅವರ ಕಣ್ಣಂಚಿನಲ್ಲಿ ನೀರಿತ್ತು. ದನಿಯಲ್ಲಿ ಇರಲಿಲ್ಲ.

ಅಭ್ಯಾಸವಾಯಿತು. ವಸುಂಧರಾಳಿಗೂ ಆಯಿತು. ಶಿವಣ್ಣ ತಾರಸಿಯ ಮೇಲೆ ಬಟ್ಟೆ ಹರವುವಾಗ ಮೂಲೆಗೆ ಮೂಲೆ ಸರಿಯಾಗಿ ಹಿಡಿದು ಹರವುತ್ತಿದ್ದರು. ನಾಗರತ್ನರ ಸರದಿಯ ದಿನ ಕೋಣೆಯಿಂದ ನಗು ಕೇಳುತ್ತಿತ್ತು. ನಾಚಿಕೆ ಹೋಯಿತು ಎಂದು ನಾನು ಹೇಳುವುದಿಲ್ಲ, ಅವರದೂ ಹೋಗಲಿಲ್ಲ, ನನ್ನದೂ ಹೋಗಲಿಲ್ಲ. ಅದನ್ನು ಇಟ್ಟುಕೊಂಡೇ ಕೆಲಸ ಮಾಡುವುದು ಇಬ್ಬರಿಗೂ ಬಂತು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಕಾಫಿಯ ಹೊತ್ತಿಗೆ, ತಮ್ಮ ತಲೆಯನ್ನು ವಸುಂಧರಾ ಬಾಚುತ್ತಿರುವಾಗ ಮೇಡಂ ಹೋಗಿಬಿಟ್ಟರು. ಅರ್ಧ ಬಾಚಿದ ಜಡೆಯನ್ನು ವಸುಂಧರಾ ಪೂರ್ತಿ ಹೆಣೆದು ಆಮೇಲೆ ನಮ್ಮನ್ನು ಕರೆದಳು.

ಮಾತು ಬಿಟ್ಟಿದ್ದ ಅಣ್ಣನ ಮಗ ಬಂದರು. ಈಗ ಅವರಿಗೂ ತಲೆ ನೆರೆತಿದೆ. ಕ್ರಿಯೆಗಳೆಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು, ಅತ್ತೆಗೆ ಯಾವ ಆಯಾ ಇಟ್ಟಿದ್ರಿ, ಮೈಮೇಲೆ ಒಂದು ಹುಣ್ಣೂ ಇಲ್ಲವಲ್ಲ ಎಂದು ಕೇಳಿದರು. ಆಯಾ ಇರಲಿಲ್ಲ, ನಾವೇ ಎಂದೆ. ಅವರು ಅಲ್ಲೇ ಕೈ ಮುಗಿದರು. ಹೆತ್ತ ಮಕ್ಕಳೂ ಮಾಡುವುದಿಲ್ಲ, ನೀವೆಲ್ಲ ದೊಡ್ಡ ಮನುಷ್ಯರು ಎಂದರು. ಬಗ್ಗಿ ನನ್ನ ಕಾಲು ಮುಟ್ಟಲು ಬಂದಾಗ ನಾನು ಹಿಂದೆ ಸರಿದೆ. ಹಾಲಿನ ಆ ಕಡೆಯಿಂದ ನಾಗರತ್ನ ನನ್ನನ್ನೇ ನೋಡುತ್ತಿದ್ದರು.

ಕೈ ಮುಗಿಯಬೇಡಿ ಎಂದೆ. ಒಮ್ಮೆ ನಾವೇ ಅವರನ್ನು ಆಶ್ರಮಕ್ಕೆ ಕಳಿಸಿದ್ದೆವು, ಸೂಟ್‌ಕೇಸು ಕಾರಿಗಿಟ್ಟವನು ನಾನೇ ಎಂದೂ ಹೇಳಿದೆ. ಅವರು ಮುಗಿದ ಕೈ ಇಳಿಸಿದರು. ಬಹುಶಃ ತಮ್ಮ ಲೆಕ್ಕವನ್ನೂ ನೋಡಿಕೊಳ್ಳುತ್ತಿದ್ದರು.

"ಆದ್ರೂ ವಾಪಸ್ ಕರ್ಕೊಂಡು ಬಂದ್ರಲ್ಲ ಸಾರ್," ಎಂದರು.

"ನಾವು ಕರ್ಕೊಂಡು ಬರಲಿಲ್ಲ," ಎಂದೆ. "ಅವರೇ ಆಟೋ ಮಾಡ್ಕೊಂಡು ಬಂದ್ರು."